ಮಧ್ಯಾಹ್ನದ ನೀರು

ಜೂನ್ 19, ಗುರುವಾರ

"ಕೋಪ ಬಂದಾಗ ಎಸೀಬೇಡಿ, ಬರೀರಿ" ಅಂದಳು ಎಲೆಕ್ಟ್ರಾ ಸ್ಟ್ರೀಟಿನ ಕ್ಲಿನಿಕ್ಕಿನ ಡಾಕ್ಟರಮ್ಮ. ನನ್ನ ಬಿಪಿ ನೋಡಿ ಅವಳದೇ ಏರಿತೇನೋ. ಆಮೇಲೆ ನನ್ನ ಪಾದದಿಂದ ಗಾಜಿನ ಚೂರುಗಳನ್ನು ಒಂದೊಂದಾಗಿ ಕಿತ್ತಳು. ನಾನೇ ಗೋಡೆಗೆ ಎಸೆದ ಬೀಕರಿನ ಚೂರುಗಳು. ಆಯ್ತು, ಬರೆಯುತ್ತೇನೆ. ಬೈಯುವುದು ಬ್ಯಾರಿ ಭಾಷೆಯಲ್ಲಿ, ಬರೆಯುವುದು ಕನ್ನಡದಲ್ಲಿ. ಉಳ್ಳಾಲದ ಶಾಲೆಯಲ್ಲಿ ಕಲಿತದ್ದು ಇದೇ.

ಎಸೆದದ್ದು ಯಾಕೆಂದರೆ ಮರಿಗಳು ಮತ್ತೆ ಸತ್ತವು. ಮುತ್ತಿನ ಚಿಪ್ಪಿನ ಮರಿಗಳು. ಈ ವರ್ಷ ಇದು ಎರಡನೇ ಸಲ. ನಾನು ನೋಡಿಕೊಳ್ಳುವ ಹ್ಯಾಚರಿಯ ತೊಟ್ಟಿಯ ತಳದಲ್ಲಿ ಬೂದಿಯ ಹಾಗೆ ಬಿದ್ದಿದ್ದವು, ಲಕ್ಷಗಟ್ಟಲೆ. ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಹುಟ್ಟಿದ ಮೊದಲ ಒಂದೆರಡು ದಿನದಲ್ಲಿ ಕಟ್ಟಿಕೊಳ್ಳಬೇಕಾದ ಚಿಪ್ಪು ಅರ್ಧಕ್ಕೇ ನಿಂತಿದೆ, ಅಂಚನ್ನು ಯಾರೋ ಕಡಿದಂತಿದೆ. ರೋಗವಲ್ಲ, ಹಸಿವಲ್ಲ. ನೀರು! ಲೋಕದ ಹೊಗೆಯನ್ನೆಲ್ಲ ಕುಡಿದು ಸಮುದ್ರ ಹುಳಿಯಾಗುತ್ತಿದೆ. ನಮ್ಮ ನಾಲಿಗೆಗೆ ತಿಳಿಯುವ ಹುಳಿಯಲ್ಲ, ಮರಿಗೆ ಮಾತ್ರ ತಿಳಿಯುತ್ತದೆ. ಅದರಲ್ಲೂ ಈ ಕೊಲ್ಲಿಗೆ ಇರುವುದು ಹೊರ್ಮುಜ್ ಎಂಬ ಒಂದೇ ಇಕ್ಕಟ್ಟಿನ ಬಾಗಿಲು. ಒಳಗೆ ಬಂದ ನೀರು ಹೊರಗೆ ಹೋಗಲು ವರ್ಷಗಳೇ ಬೇಕು. ಮೊದಲ ಸಲ ಸತ್ತ ಮೇಲೆ ಹುಳಿ ಮುರಿಯಲು ಸೋಡಾ ಹಾಕಿ ನೋಡಿದ್ದೆ. ನೀರು ಸುಣ್ಣ ಕಲಸಿದಂತೆ ಬೆಳ್ಳಗಾಗಿ ಇನ್ನೂ ಬೇಗ ಸತ್ತವು.

ಅರ್ಬಾಬ್, ಅಂದರೆ ನಮ್ಮ ಮಾಲೀಕರು, ಬೈಯಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. "ಇನ್ನೊಂದು ಸಲ ನೋಡು ಶಾಹಿನಾ. ಅದೂ ಹೋದರೆ ಖಲಾಸ್, ಹ್ಯಾಚರಿ ಮುಚ್ಚುತ್ತೇನೆ" ಅಂದರು. ನನ್ನ ಗಂಡ ಹಿಶಾಮ್‌ನ ಮೊಬೈಲ್ ಅಂಗಡಿ ಹೋದ ವರ್ಷವೇ ಮುಚ್ಚಿತು. ಈಗ ಗಂಡ, ಮಗಳು, ಮನೆ ಎಲ್ಲ ನನ್ನ ವೀಸಾದ ಮೇಲೆ ನಿಂತಿದೆ. ಹ್ಯಾಚರಿ ಮುಚ್ಚಿದರೆ ನಾವೂ ಗಂಟು ಕಟ್ಟಬೇಕು, ಹನಾಳ ಹತ್ತನೇ ಕ್ಲಾಸು ಅರ್ಧಕ್ಕೇ ಬಿಡಬೇಕು.

ಸಂಜೆ ಹನಾ ನನ್ನ ಪಾದದ ಬ್ಯಾಂಡೇಜಿನ ಮೇಲೆ ಪೆನ್ನಿನಲ್ಲಿ ಒಂದು ಮೀನು ಬರೆದಳು. "ಉಮ್ಮ, ಯು ಆರ್ ಸೋ ಡ್ರಾಮಾಟಿಕ್" ಅಂದಳು. ನಗು ಬಂತು.

ಜೂನ್ 24, ಮಂಗಳವಾರ

ಇಡೀ ದಿನ ಏಡಿ ಜಜ್ಜಿದ್ದು. ಸಮುದ್ರದಲ್ಲಿ ಇಳಿಬಿಟ್ಟ ತಾಯಿಚಿಪ್ಪುಗಳ ಬುಟ್ಟಿಗೆ ಏಡಿಗಳು ನುಗ್ಗಿ ಚಿಪ್ಪು ಒಡೆದು ತಿನ್ನುತ್ತಿವೆ. ಮೊದಲೆಲ್ಲ ಇಷ್ಟು ಸುಲಭಕ್ಕೆ ಒಡೆಯುತ್ತಿರಲಿಲ್ಲ. ಚಿಪ್ಪೇ ತೆಳುವಾದರೆ ಏಡಿ ಬಿಡುತ್ತದೆಯೇ? ಜೆಟ್ಟಿಯ ಮೇಲೆ ಸುರಿದು ಸುತ್ತಿಗೆಯಲ್ಲಿ ಒಂದೊಂದನ್ನೇ ಕುಟ್ಟಿದೆ. ಕಾಲು ಮುರಿದು ಓಡುವುದನ್ನು ಎಳೆದು ತಂದು ಕುಟ್ಟಿದೆ. ಮುಖಕ್ಕೆಲ್ಲ ಹಾರಿತು.

ಲಿಯೊನೆಲ್ ನೋಡುತ್ತಾ ನಿಂತಿದ್ದರು. ಪಂಪು, ಬೋಟು, ಜೆಟ್ಟಿ ನೋಡಿಕೊಳ್ಳುವವರು. ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ನಮ್ಮ ಕಡೆಯ ರೂಢಿಯಂತೆ ನಾನು ಪೊರ್ಬುಗಳೇ ಎಂದು ಕರೆಯುತ್ತೇನೆ.

"ಸಾಕು ಮಾರಾಯ್ತಿ, ಅದು ಯಾವಾಗ್ಲೋ ಸತ್ತಿದೆ" ಅಂದರು.

"ನಿಮಗೆ ಪಾಪ ಅನಿಸ್ತದಾ ಪೊರ್ಬುಗಳೇ?"

"ಏಡಿಗಲ್ಲ. ಜೆಟ್ಟಿಯ ಹಲಗೆಗೆ. ನಾಳೆ ರಿಪೇರಿ ಮಾಡುವವ ನಾನೇ ಅಲ್ವಾ?"

ಇಬ್ಬರೂ ನಕ್ಕೆವು. ಒಳ್ಳೆಯ ಮನುಷ್ಯ. ಬೆಳಿಗ್ಗೆ ತಂದ ಸಣ್ಣದಲ್ಲಿ, ಅಂದರೆ ತೆಂಗಿನಹಾಲಿನ ಸಿಹಿ ಇಡ್ಲಿಯಲ್ಲಿ, ಎರಡು ನನಗೆಂದೇ ಎತ್ತಿಟ್ಟಿದ್ದರು.

ಜುಲೈ 1, ಮಂಗಳವಾರ

ಸಿಕ್ಕಿತು! ಕಳ್ಳ ಸಿಕ್ಕಿದ!

ನಸುಕಿನ ನೀರು ತಂಪು. ಹಾಗಾಗಿ ಈ ಕಡೆ ಎಲ್ಲರೂ ನಸುಕಿಗೇ ಪಂಪು ಹಾಕುವುದು, ನಾವೂ ಅಷ್ಟೇ. ಎಡವಟ್ಟು ಆಗಿರುವುದೇ ಅಲ್ಲಿ. ರಾತ್ರಿಯಿಡೀ ಸಮುದ್ರದ ಹುಲ್ಲು, ಪಾಚಿ, ಮೀನು ಎಲ್ಲ ಉಸಿರು ಬಿಟ್ಟು ನಸುಕಿನ ಹೊತ್ತಿಗೆ ನೀರು ಅತಿ ಹುಳಿಯಾಗಿರುತ್ತದೆ. ಮೊದಲು ಮರಿಗಳು ಅದನ್ನು ತಾಳಿಕೊಳ್ಳುತ್ತಿದ್ದವು. ಈಗ ಹೊಗೆಯ ಹುಳಿಯೂ ಸೇರಿ ತಾಳಲಾರದಷ್ಟಾಗಿದೆ. ಬಿಸಿಲೇರಿದಂತೆ ಹುಲ್ಲು ಆ ಉಸಿರಿನ ಇಂಗಾಲವನ್ನು ತಿನ್ನುತ್ತದೆ, ಮಧ್ಯಾಹ್ನಕ್ಕೆ ನೀರು ಹದಕ್ಕೆ ಬರುತ್ತದೆ. ಒಂದು ವಾರ ಹೊತ್ತುಹೊತ್ತಿಗೆ ಮೀಟರ್ ಹಿಡಿದು ನೋಡಿದೆ. ಸಂಶಯವೇ ಇಲ್ಲ. ಮಧ್ಯಾಹ್ನದ ನೀರನ್ನು ತಂದು ಒಳಗೆ ತಂಪು ಮಾಡಿಕೊಂಡರೆ ಮರಿ ಬದುಕುತ್ತದೆ.

ತೊಡಕು ಒಂದೇ. ನೀರು ಎಳೆಯುವ ಪೈಪು ಜೆಟ್ಟಿಯ ತುದಿಯಲ್ಲಿದೆ. ಭರತದ ಹೊತ್ತು, ಅಂದರೆ ಸಮುದ್ರ ಉಕ್ಕಿರುವ ಹೊತ್ತು, ಬಿಟ್ಟರೆ ಕೆಸರನ್ನೇ ಎಳೆಯುತ್ತದೆ. ಅದರ ಬಾಯಿಗಿರುವ ಜಾಲರಿಗೆ ಹುಲ್ಲು ಬಂದು ಕಟ್ಟುತ್ತಲೇ ಇರುತ್ತದೆ, ಪಂಪು ನಡೆಯುವಷ್ಟು ಹೊತ್ತೂ ಒಬ್ಬರು ಪಕ್ಕದಲ್ಲಿ ನಿಂತು ಬ್ರಷ್ಷಿನಲ್ಲಿ ತಿಕ್ಕುತ್ತಿರಬೇಕು. ಆದರೆ ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಯಾರನ್ನೂ ಹೊರಗೆ ಬಿಸಿಲಲ್ಲಿ ದುಡಿಸುವಂತಿಲ್ಲ, ಇಲ್ಲಿನ ಕಾನೂನು. ಗೋಡೆಯ ಮೇಲೆ ಐದು ಭಾಷೆಯಲ್ಲಿ ಅಂಟಿಸಿದ್ದಾರೆ.

ಲಿಯೊನೆಲ್‌ಗೆ ಹೇಳಿದೆ. ಕ್ಯಾಪು ತೆಗೆದು ತಲೆ ಕೆರೆದುಕೊಂಡರು. "ನೋಡುವ ಮೇಡಮ್" ಅಂದರು.

ಜುಲೈ 5, ಶನಿವಾರ

ಹಿಶಾಮ್ ಮಾತು ಬಿಟ್ಟಿದ್ದಾನೆ. ಬಿಡಲಿ.

ಸಂಜೆ ಮೂವರೂ ಸಾಮಾನು ತರಲು ಹೋಗಿದ್ದೆವು. ನಮ್ಮ ಬೀದಿಯ ಕೆಫೆಟೀರಿಯಾದ ಎದುರು ಸಾಲಾಗಿ ಕಾರುಗಳು. ಇಳಿಯುವುದಿಲ್ಲ ಪುಣ್ಯಾತ್ಮರು. ಹಾರ್ನ್ ಹೊಡೆಯುವುದು, ಚಾ ಕಾರಿಗೇ ಬರಬೇಕು. ಒಂದು ದೊಡ್ಡ ಗಾಡಿಯಲ್ಲಂತೂ ಜನವೇ ಇಲ್ಲ! ಸೀಟು ತಂಪಾಗಿರಲಿ ಅಂತ ಎಂಜಿನ್ನು, ಎಸಿ ಹಾಕಿಟ್ಟು ಯಾರೋ ಎಲ್ಲೋ ಹೋಗಿದ್ದಾನೆ. ಹಿಂದಿನಿಂದ ಬಿಸಿ ಹೊಗೆ ನನ್ನ ಕಾಲಿಗೆ ಬಡಿಯುತ್ತಿದೆ. ಇದೇ ಹೊಗೆ ಹೋಗಿ ಆ ನೀರಿಗೆ ಸೇರುವುದು. ಇಷ್ಟು ದಿನ ಯಾರಿಗೆ ಹೊಡೆಯಬೇಕು ಅಂತಲೇ ಗೊತ್ತಿರಲಿಲ್ಲ ನನಗೆ. ದೂರದಲ್ಲಿ ಹೋಗುವ ತೈಲದ ಹಡಗಿಗೆ ಹೊಡೆಯಲೇ? ಊರಿಗೇ ಕರೆಂಟು ಕೊಡುವ ಚಿಮಣಿಗೆ ಹೊಡೆಯಲೇ? ನನ್ನ ಮನೆಯ ಎಸಿಗೆ ಹೊಡೆಯಲೇ? ಇದು ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು.

ಚೀಲದಲ್ಲಿ ತೆಂಗಿನಕಾಯಿಗಳಿದ್ದವು. ಎರಡೂ ಕೈಯಲ್ಲಿ ಚೀಲ ಬೀಸಿದೆ. ಕನ್ನಡಿ ಹಾರಿತು. ಮತ್ತೆ ಬೀಸಿದೆ, ಹೆಡ್‌ಲೈಟು ಪುಡಿಯಾಯಿತು. ಮೂರನೇ ಸಲ ಬೀಸುವಾಗ ಹಿಶಾಮ್ ಸೊಂಟ ಹಿಡಿದು ಎಳೆದ. ಅವನ ಮುಖಕ್ಕೆ ನನ್ನ ಮೊಣಕೈ ತಾಗಿ ಮೂಗಿನಲ್ಲಿ ರಕ್ತ ಬಂತು. ಗಾಡಿಯವನು ಕಾಸರಗೋಡಿನವನು, ಹಿಶಾಮ್‌ನ ಹಳೇ ಗಿರಾಕಿ. ಇಲ್ಲದಿದ್ದರೆ ಪೊಲೀಸರು ಬರುತ್ತಿದ್ದರು. ಹಿಶಾಮ್ ಮೂಗಿಗೆ ಕರ್ಚೀಫು ಒತ್ತಿಕೊಂಡೇ ಅವನ ಕಾಲು ಹಿಡಿಯುವುದೊಂದು ಬಾಕಿ.

ನಿಜ ಹೇಳುವುದಾದರೆ ತುಂಬ ಹಗುರವಾಯಿತು. ರಾತ್ರಿ ಚೆನ್ನಾಗಿ ನಿದ್ದೆ ಬರುವುದು ಖಂಡಿತ. ಹನಾ ಊಟಕ್ಕೆ ಬರಲಿಲ್ಲ. ಹೋಮ್‌ವರ್ಕ್ ಇದೆಯಂತೆ.

ಜುಲೈ 12, ಶನಿವಾರ

ನಿನ್ನೆ ತಾಯಿಚಿಪ್ಪುಗಳು ಹಾಲು ಬಿಟ್ಟವು, ಅಂದರೆ ಮೊಟ್ಟೆಯಿಟ್ಟವು. ತೊಟ್ಟಿಯೆಲ್ಲ ಮಸುಕು. ಇಂದು ಬೆಳಿಗ್ಗೆ ಮರಿಗಳು ಈಜುತ್ತಿವೆ. ಇನ್ನು ಒಂದೆರಡು ದಿನವೇ ಅವುಗಳ ಹಣೆಬರಹ. ದಿನವೂ ಹೊಸ ನೀರು ಬೇಕು, ಮಧ್ಯಾಹ್ನದ ನೀರೇ ಬೇಕು.

ಭರತ ಒಂದು ಗಂಟೆಯ ಹೊತ್ತಿಗೆ. ಲಿಯೊನೆಲ್ ಹೋಗಿ ಜಾಲರಿ ತಿಕ್ಕಿ ಬಂದರು. ಮುಖ ಬೆಂದ ಸಿಗಡಿಯ ಹಾಗೆ ಕೆಂಪಾಗಿತ್ತು. ತೊಟ್ಟಿಯ ಬುಡದಲ್ಲೇ ವಾಂತಿ ಮಾಡಿಕೊಂಡರು. ಮರಿಗಳಿಗೆ ತಾಗಿದರೆ! ಅಂತ ನಾನು ಕಿರುಚಿದೆ. ಆಮೇಲೆ ಉಪ್ಪು ಸಕ್ಕರೆ ನೀರು ಕೊಟ್ಟೆ.

"ಮೇಡಮ್, ಒಂದು ಮಾತು. ಭರತ ದಿನಕ್ಕೆ ಮುಕ್ಕಾಲು ಗಂಟೆ ಆಚೆ ಹೋಗ್ತದೆ ಅಲ್ವಾ? ಇನ್ನು ಮೂರು ದಿನ ಕಳೆದ್ರೆ ಮೂರು ಗಂಟೆ ದಾಟ್ತದೆ. ಆಗ ಕಾನೂನೂ ಇಲ್ಲ, ಬಿಸಿಲೂ ಸ್ವಲ್ಪ ಇಳೀತದೆ. ಅಲ್ಲಿವರೆಗೆ ರಾತ್ರಿ ಭರತದ ನೀರಲ್ಲೇ ಸುಧಾರಿಸುವ."

"ಮೂರು ದಿನಕ್ಕೆ ಮರಿಗಳು ಸತ್ತು ಬೂದಿಯಾಗ್ತವೆ ಪೊರ್ಬುಗಳೇ."

"ನನಗೆ ಆಗುದಿಲ್ಲ ಅಂತ ಅಲ್ಲ..." ಅಂದರು.

ಜುಲೈ 13, ಭಾನುವಾರ

ಚಿಪ್ಪು ಕಟ್ಟುತ್ತಿವೆ! ಅಂಚು ನುಣ್ಣಗಿದೆ, ಒಂದಕ್ಕೂ ಕಡಿತ ಇಲ್ಲ! ಮೈಕ್ರೋಸ್ಕೋಪಿನ ಮೇಲೆ ಬಿದ್ದು ಅತ್ತುಬಿಟ್ಟೆ.

ಅಂಥ ಹೊತ್ತಿನಲ್ಲಿ ಲಿಯೊನೆಲ್‌ನ ರಗಳೆ. ಭಾನುವಾರ ಇಗರ್ಜಿಗೆ ಹೋಗಲಿಲ್ಲವಂತೆ, ತಲೆ ಸಿಡಿಯುತ್ತಿದೆಯಂತೆ, ಮೂತ್ರ ಕಪ್ಪಗೆ ಹೋಗುತ್ತಿದೆಯಂತೆ. "ಒಂದು ದಿನ ನೀವೇ ಬ್ರಷ್ ಹಿಡೀರಿ ಮೇಡಮ್, ಆಗ ಗೊತ್ತಾಗ್ತದೆ" ಅಂದ. ಕೆಲಸದ ಹುಡುಗರೆಲ್ಲರ ಎದುರು! ಕೈಯಲ್ಲಿದ್ದ ಒದ್ದೆ ಪೈಪಿನಿಂದ ಹೊಡೆದೆ. ಒಂದು ಹೆಗಲಿಗೆ, ಒಂದು ಕಿವಿಯ ಮೇಲೆ. ಪೈಪಿನ ತುದಿಯಲ್ಲಿ ಹಿತ್ತಾಳೆಯ ಬಿರಡೆ ಇದ್ದದ್ದು ನೆನಪಿರಲಿಲ್ಲ. ಕಿವಿ ಹರಿಯಿತು. ಅವನು ತಿರುಗಿ ಕೈ ಮಾಡಲಿಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿದ್ದು. ಕ್ಯಾಪನ್ನು ಕಿವಿಯವರೆಗೆ ಎಳೆದುಕೊಂಡು ಜೆಟ್ಟಿಗೆ ಹೋದ. ನೀರು ಬಂತು.

ನಾನು ಹೋಗುವಂತಿಲ್ಲ ಎನ್ನುವುದು ಅವನಿಗೂ ಗೊತ್ತು. ನನಗೆ ಬಿಪಿ. ನಾನು ಬಿದ್ದರೆ ಮರಿಗಳನ್ನು ನೋಡುವವರು ಯಾರು?

ಜುಲೈ 14, ಸೋಮವಾರ

ಬೆಳಿಗ್ಗೆಯಿಂದ ಮರಿಗಳ ಹತ್ತಿರ ಇರಬೇಕಿತ್ತು. ಆದರೆ ಕ್ಲಿನಿಕ್ಕಿನ ಅಪಾಯಿಂಟ್‌ಮೆಂಟ್, ತಪ್ಪಿಸಿದರೆ ಮಾತ್ರೆ ಬರೆದುಕೊಡುವುದಿಲ್ಲ. ವಾಪಸು ಬರುವಾಗ ಹಿಶಾಮ್ ಕಾರು ಓಡಿಸುತ್ತಿದ್ದ, ಹಿಂದೆ ಹನಾ. ಭರತದ ಹೊತ್ತಿಗೆ ಸರಿಯಾಗಿ ಲಿಯೊನೆಲ್‌ನ ಫೋನು. ಕಾರಿನ ಸ್ಪೀಕರಿನಲ್ಲಿ ಬಂತು.

"ಮೇಡಮ್, ಇವತ್ತು ಆಗುದಿಲ್ಲ. ಕಣ್ಣು ಕಪ್ಪು ಕಟ್ತಾ ಉಂಟು. ಕೈ ನಡುಗ್ತದೆ. ನಾಳೆ ಹೋಗ್ತೇನೆ, ನಾಳೆ ಭರತ ಮೂರರ ಹತ್ತಿರ..."

"ನಾಳೆ ಅಂತೆ ನಾಳೆ! ಎದ್ದು ಹೋಗು. ಹೋಗದಿದ್ರೆ ಇವತ್ತೇ ನಿನ್ನ ವೀಸಾ ಕ್ಯಾನ್ಸಲ್ ಮಾಡಿಸ್ತೇನೆ, ನಾನೇ ಬಂದು ನಿನ್ನನ್ನು ಆ ನೀರಿಗೆ ದೂಡ್ತೇನೆ. ಸಾಯುವುದಿದ್ರೆ ಪಂಪು ನಿಲ್ಲಿಸಿದ ಮೇಲೆ ಸಾಯಿ!"

"ಆಯ್ತು ಮೇಡಮ್" ಅಂದ.

ಹಿಂದಿನಿಂದ ಹನಾ "ಉಮ್ಮ, ಹಿ ಸೆಡ್ ಹಿ ಈಸ್ ಸಿಕ್" ಅಂದಳು. ದೊಡ್ಡವರ ಕೆಲಸದಲ್ಲಿ ಬಾಯಿ ಹಾಕಬೇಡ ಅಂದೆ. ಹಿಶಾಮ್ ಕನ್ನಡಿ ನೋಡಿ ಲೇನು ಬದಲಿಸಿದ. ಅವನು ಯಾವಾಗ ನನಗೆ ಎದುರಾಡಿದ್ದಾನೆ?

ನಾನು ಹ್ಯಾಚರಿ ಮುಟ್ಟುವಾಗ ಆಂಬ್ಯುಲೆನ್ಸ್ ಬಂದಾಗಿತ್ತು. ಜೆಟ್ಟಿಯ ತುದಿಯ ಕಬ್ಬಿಣದ ತಗಡಿನ ಮೇಲೆ ಬೋರಲು ಬಿದ್ದಿದ್ದನಂತೆ, ಎಷ್ಟು ಹೊತ್ತಿನಿಂದಲೋ. ಎತ್ತುವಾಗ ಕೆನ್ನೆಯ ಚರ್ಮ ತಗಡಿಗೇ ಅಂಟಿ ಉಳಿಯಿತು. ನಾನು ನೋಡಿದೆ. ಮೈಯಲ್ಲಿ ಒಂದು ತೊಟ್ಟು ಬೆವರಿಲ್ಲ. ಕೈಕಾಲು ಸೆಟೆದು ಬಡಿದುಕೊಳ್ಳುತ್ತಿತ್ತು, ಹಲ್ಲಿನ ನಡುವೆ ನಾಲಿಗೆ ಸಿಕ್ಕಿ ರಕ್ತ. ನಾಲ್ಕು ಜನ ಹಿಡಿದರೂ ನಿಲ್ಲಲಿಲ್ಲ. ಬ್ರಷ್ಷು ಕೈಯಿಂದ ಬಿಡಿಸಲು ಬೆರಳುಗಳನ್ನು ಒಂದೊಂದಾಗಿ ಬಿಚ್ಚಬೇಕಾಯಿತು.

ತೊಟ್ಟಿಗೆ ಬೇಕಾದಷ್ಟು ನೀರು ಬಂದಿತ್ತು.

ಜುಲೈ 15, ಮಂಗಳವಾರ

ಮರಿಗಳು ಬದುಕಿವೆ. ಎಲ್ಲವೂ!

ಜುಲೈ 18, ಶುಕ್ರವಾರ

ಲಿಯೊನೆಲ್ ಇಂದು ಬೆಳಿಗ್ಗೆ ಹೋದ. ಮೊದಲ ದಿನವೇ ಕಿಡ್ನಿ ನಿಂತಿತ್ತಂತೆ, ಒಳಗೆಲ್ಲ ಬೆಂದಿತ್ತು ಅಂದರು ಡಾಕ್ಟರು. ಆಸ್ಪತ್ರೆಗೆ ಹೋಗಬೇಕೆಂದಿದ್ದೆ. ಮರಿಗಳಿಗೆ ಪಾಚಿ ಕೊಡುವ ಹೊತ್ತು, ಬಿಟ್ಟು ಹೋಗಲು ಆಗಲಿಲ್ಲ.

ಅರ್ಬಾಬ್ ಬಂದು ತೊಟ್ಟಿ ನೋಡಿದರು. ಅವರಿಗೆ ಕಣ್ಣು ತುಂಬಿ ಬಂತು. ಅವರ ಅಜ್ಜ ಮುತ್ತಿಗಾಗಿ ಸಮುದ್ರಕ್ಕೆ ಧುಮುಕುತ್ತಿದ್ದವರಂತೆ. "ಹ್ಯಾಚರಿ ಮುಚ್ಚುವುದಿಲ್ಲ ಶಾಹಿನಾ" ಅಂದರು. ಆಮೇಲೆ ಲಿಯೊನೆಲ್‌ನ ವಿಷಯ ಕೇಳಿದರು. ಕಂಪನಿಯ ಸೇಫ್ಟಿಯವನೂ ಪಕ್ಕದಲ್ಲಿದ್ದ. ವಿರಾಮದ ಹೊತ್ತಿನಲ್ಲಿ ಆತನನ್ನು ಹೊರಗೆ ಕಳಿಸಿದ್ದು ಯಾರು?

"ಯಾರೂ ಕಳಿಸಲಿಲ್ಲ. ನಾನು ಇಲ್ಲಿರಲೇ ಇಲ್ಲ, ಕ್ಲಿನಿಕ್ಕಿನಲ್ಲಿದ್ದೆ. ತಾನಾಗಿಯೇ ಹೋದದ್ದು" ಅಂದೆ. ಕ್ಲಿನಿಕ್ಕಿನಲ್ಲಿದ್ದದ್ದು ಸುಳ್ಳಲ್ಲ. ಕಿವಿಯ ಗಾಯದ ಬಗ್ಗೆ ಕೇಳಿದರು. ಬೀಳುವಾಗ ತಗಡಿಗೆ ತಾಗಿರಬೇಕು ಅಂದೆ. ಅಲ್ಲಿದ್ದ ಹುಡುಗರೆಲ್ಲ ನೆಲ ನೋಡುತ್ತಿದ್ದರು. ಅವರ ವೀಸಾಗಳೂ ಈ ಹ್ಯಾಚರಿಯ ಮೇಲೇ ಇರುವುದು. ಸತ್ತವನು ವಾಪಸು ಬರುವುದಿಲ್ಲ, ಇದ್ದವರು ಉಳಿಯಬೇಕಲ್ಲ.

ಇಷ್ಟು ಬರೆಯುವಷ್ಟರಲ್ಲಿ ಪೆನ್ನಿನ ಮೂತಿ ಮುರಿದಿದೆ. ಕಾಗದ ಹರಿದಿದೆ.

ಜುಲೈ 25, ಶುಕ್ರವಾರ

ಹನಾಗೆ ಹೊಡೆದೆ.

ಖುಷಿಗೆಂದು ಬಿರಿಯಾನಿ ಮಾಡಿದ್ದೆ. ತಟ್ಟೆ ಮುಟ್ಟಲಿಲ್ಲ. "ಡಿಡ್ ಯು ಟೆಲ್ ದೆಮ್?" ಅಂದಳು. ಏನನ್ನು ಅಂದೆ. "ಯು ನೋ ವಾಟ್." ಹಿಶಾಮ್ ತಟ್ಟೆಯಲ್ಲಿ ಬೆರಳಾಡಿಸುತ್ತಾ "ಬಿಡು ಮಗಾ" ಅಂದ. ಅವಳು ಬಿಡಲಿಲ್ಲ. "ಯು ಕಿಲ್ಡ್ ಹಿಮ್, ಉಮ್ಮ" ಅಂದಳು, ಸ್ವರ ಏರಿಸದೆ.

ಹಿಂಗೈಯಲ್ಲಿ ಕೊಟ್ಟೆ. ಕುರ್ಚಿಯ ಸಮೇತ ಬಿದ್ದಳು. ತುಟಿ ಒಡೆಯಿತು, ಬಿಳಿ ಟೈಲ್ಸಿನ ಮೇಲೆ ರಕ್ತ. ಎದ್ದು, ಬಟ್ಟೆ ತಂದು ತಾನೇ ಒರೆಸಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನನ್ನ ಹಾಗೆ ಎಸೆಯುವುದು, ಕಿರುಚುವುದು ಒಂದೂ ಇಲ್ಲ. ಯಾರ ಗುಣ ಬಂತೋ.

ಯಾರಿಗಾಗಿ ಮಾಡಿದೆ ನಾನು ಇದೆಲ್ಲ? ಅವಳ ಶಾಲೆಗಾಗಿ ಅಲ್ಲವೇ? ಅವಳು ಇಲ್ಲಿ ಉಳಿಯಲಿ ಅಂತಲೇ ಅಲ್ಲವೇ?

ಮರಿಗಳು ದೊಡ್ಡದಾಗುತ್ತಿವೆ. ಕಾಲು ಬಂದಿದೆ, ಅಂಟಿಕೊಳ್ಳಲು ಜಾಗ ಹುಡುಕುತ್ತಿವೆ.

ಆಗಸ್ಟ್ 2, ಶನಿವಾರ

ಅಡುಗೆಮನೆಯಲ್ಲಿ ಬಂಗುಡೆ ತೊಳೆಯುತ್ತಿದ್ದೆ. ಕೈಯೆಲ್ಲ ಮೀನಿನ ರಕ್ತ, ಹಾಗಾಗಿ ಫೋನು ಬಂದಾಗ ಮೊಣಕೈಯಲ್ಲಿ ಸ್ಪೀಕರ್ ಒತ್ತಿದೆ. ಊರಿನ ನಂಬರು.

"ಮೇಡಮ್ ಅಲ್ವಾ? ನಾನು ಲೂರ್ದ್. ಲಿಯೊನೆಲ್‌ನ ಹೆಂಡತಿ."

ಹೇಳಿ ಬಾಯಿ ಅಂದೆ. ಪೊರ್ಬುಗಳ ಹೆಂಗಸರನ್ನು ನಮ್ಮ ಕಡೆ ಕರೆಯುವುದು ಹಾಗೆ.

"ನಿಮ್ಮ ಬಗ್ಗೆ ಭಾರಿ ಹೇಳ್ತಿದ್ರು ಮೇಡಮ್. ಕೋಪ ಜಾಸ್ತಿ, ಮನಸ್ಸು ಒಳ್ಳೇದು ಅಂತ. ಮೊನ್ನೆ ಮಣ್ಣು ಮಾಡಿ ಆಯ್ತು. ಮುಖ ತೋರಿಸ್ಲಿಲ್ಲ ನಮಗೆ, ಪೆಟ್ಟಿಗೆ ತೆರೀಬಾರದು ಅಂದ್ರು. ಒಂದು ವಿಷಯ ಕೇಳ್ಲಿಕ್ಕೆ ಉಂಟು. ಕಂಪನಿಯವರು ಹೇಳಿದ್ರು, ಯಾರೂ ಕಳಿಸ್ಲಿಲ್ಲ, ತಾನಾಗೇ ಬಿಸಿಲಿಗೆ ಹೋದದ್ದು ಅಂತ. ಅವರು ಅಂಥ ಮನುಷ್ಯ ಅಲ್ಲ ಮೇಡಮ್. ಊರಿಗೆ ಬಂದ್ರೂ ಹನ್ನೊಂದು ಗಂಟೆ ಮೇಲೆ ಅಂಗಳಕ್ಕೆ ಇಳೀತಿರ್ಲಿಲ್ಲ. ಮತ್ತೆ ಯಾಕೆ ಹೋದ್ರು? ಸಾಯ್ಲಿಕ್ಕೆ ಅಂತ್ಲೇ ಹೋದ್ರಾ?"

ನಲ್ಲಿ ನಿಲ್ಲಿಸಿದೆ.

"ಹಿಂದಿನ ದಿನ ನಾನು ಫೋನಲ್ಲಿ ಜಗಳ ಮಾಡಿದ್ದೆ. ಸಾಕು ಆ ಕೆಲಸ, ಬಿಟ್ಟು ಬನ್ನಿ, ಬರದಿದ್ರೆ ಮತ್ತೆ ಫೋನೇ ಮಾಡ್ಬೇಡಿ ಅಂದೆ. ಅವರು ಉತ್ತರ ಕೊಡ್ಲಿಲ್ಲ, ಇಟ್ಬಿಟ್ರು. ನಾನು ಹಾಗೆ ಹೇಳಿದ್ದಕ್ಕಾ ಮೇಡಮ್? ಪಾದ್ರಿಗಳ ಹತ್ರ ಕೇಳ್ಲಿಕ್ಕೂ ಹೆದರಿಕೆ ನನಗೆ. ಜೀವ ತಾನೇ ತೆಗೆದುಕೊಂಡದ್ದು ಅಂತಾದ್ರೆ... ನಿದ್ದೆ ಇಲ್ಲ ಮೇಡಮ್. ನಿಮಗೆ ಗೊತ್ತಿರ್ತದೆ. ಹೌದಾ ಅಲ್ವಾ, ಅಷ್ಟು ಹೇಳಿ ಸಾಕು."

ಅವಳ ಅಳು ಕೇಳಿಸುತ್ತಿತ್ತು. ಒಂದು ಮಾತು ಸಾಕಿತ್ತು ನನ್ನಿಂದ. ಆ ಒಂದು ಮಾತು ಹೇಳಿದರೆ ಹ್ಯಾಚರಿ, ವೀಸಾ, ಶಾಲೆ, ಎಲ್ಲ ಹೋಗಿ ನಾನು ಜೈಲಿಗೆ.

"ನನಗೆ ಗೊತ್ತಿಲ್ಲ ಬಾಯಿ" ಅಂದೆ.

ಹನಾ ಯಾವಾಗ ಬಂದು ಬಾಗಿಲಲ್ಲಿ ನಿಂತಳೋ. ತುಟಿಯ ಹಕ್ಕಳೆ ಇನ್ನೂ ಉದುರಿಲ್ಲ. ನೇರವಾಗಿ ಬಂದು ಫೋನು ತೆಗೆದುಕೊಂಡಳು. ನಾನು ಕಿತ್ತುಕೊಳ್ಳಲು ಹೋದೆ, ಮೀನಿನ ಕೈ ಜಾರಿತು. ಅವಳು ಸ್ಪೀಕರ್ ಆರಿಸಿ ಫೋನನ್ನು ಕಿವಿಗೆ ಹಿಡಿದಳು.

"ಆಂಟಿ, ನಾನು ಹನಾ, ಮೇಡಮ್‌ನ ಮಗಳು. ಅಂಕಲ್ ಸಾಯ್ಲಿಕ್ಕೆ ಹೋದದ್ದಲ್ಲ. ನಿಮ್ಮಿಂದ ಅಲ್ಲವೇ ಅಲ್ಲ. ಅಂಕಲ್ ನನಗೆ ಆಗುದಿಲ್ಲ ಅಂತ ಹೇಳಿದ್ರು. ನನ್ನ ಉಮ್ಮ ಹೋಗು ಅಂದದ್ದು. ಬೈದು ಕಳಿಸಿದ್ದು. ನಾನು ಕಾರಲ್ಲೇ ಇದ್ದೆ, ಎಲ್ಲ ಕೇಳಿದ್ದೇನೆ. ಬಾಪನೂ ಕೇಳಿದ್ದಾರೆ."

ನಾನು ಕೈ ಎತ್ತಿದೆ.

ಹನಾ ಆ ಕೈಯನ್ನು ನೋಡಿದಳು. ಹಿಂದೆ ಸರಿಯಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಫೋನನ್ನು ಆ ಕಿವಿಯಿಂದ ತೆಗೆದು ಇನ್ನೊಂದು ಕಿವಿಗೆ ಇಟ್ಟುಕೊಂಡಳು. ನನ್ನ ಕೈ ಬೀಳುವ ಬದಿಯ ಕೆನ್ನೆ ಖಾಲಿ ಬಿಟ್ಟಳು.

"ಹೇಳಿ ಆಂಟಿ, ಕೇಳ್ತಾ ಇದ್ದೇನೆ" ಅಂದಳು.